ನನ್ನ ಬದಲಿಗೆ ಕಾಲೇಜಿಗೆ ಹೋದ ಅತ್ತೆ

ಮೇ ತಿಂಗಳು ಬಂತೆಂದರೆ ನಮ್ಮ ಮನೆಗೆ ಬರುವ ಜನ ಹೆಚ್ಚಾಗುತ್ತಾರೆ. ಮಗಳದ್ದೋ ಮಗನದ್ದೋ ಅಂಕಪಟ್ಟಿ ಹಿಡಿದುಕೊಂಡು ಬಂದು, ಕೊಟ್ಟ ಚಹ ಕುಡಿದು, ಯಾವ ಕಾಲೇಜಿಗೆ ಹಾಕುವುದು ಒಳ್ಳೆಯದು ಎಂದು ಕೇಳುತ್ತಾರೆ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಅಷ್ಟೇ ಕಾರಣಕ್ಕೆ ಇಂಥದ್ದೆಲ್ಲ ನನಗೆ ಗೊತ್ತಿರಲೇಬೇಕು ಎಂದು ಅವರ ನಂಬಿಕೆ. ನಾನು ಹೇಳುವುದು ಪ್ರತಿ ವರ್ಷ ಒಂದೇ. "ಕಾಲೇಜು ಬಿಡುವ ಹೊತ್ತಿಗೆ ಹೋಗಿ ಗೇಟಿನ ಎದುರು ಒಂದು ತಾಸು ಕೂತು ಬನ್ನಿ. ಒಳಗೆ ಹೋಗುವವರ ಮುಖ ನೋಡಬೇಡಿ. ಹೊರಗೆ ಬರುವವರ ಮುಖ ನೋಡಿ."

ಅವರು ನಗುತ್ತಾರೆ. ಅಕ್ಕೋರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಚೀಲದಿಂದ ಬಣ್ಣಬಣ್ಣದ ಪುಸ್ತಿಕೆ ತೆಗೆಯುತ್ತಾರೆ. ಅದರಲ್ಲಿ ಎಲ್ಲ ಕಾಲೇಜುಗಳ ಹುಡುಗಿಯರೂ ಒಂದೇ ನಮೂನೆ ನಗುತ್ತಿರುತ್ತಾರೆ. ನನಗೆ ಸಿಟ್ಟು ಬರುತ್ತದೆ. ಹೇಳಿದ್ದನ್ನು ಕೇಳುವ ಮನಸ್ಸಿಲ್ಲದಿದ್ದರೆ ಬಿಸಿಲಲ್ಲಿ ಇಷ್ಟು ದೂರ ಯಾಕೆ ಬರಬೇಕು?

ಆದರೆ ಆ ಬುದ್ಧಿ ನನ್ನದಲ್ಲ. ನನ್ನ ಅತ್ತೆಯದು, ಅಂದರೆ ಅಪ್ಪನ ಅಕ್ಕನದು. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೊನ್ನಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಒಂದು ಸಲ ಮೂರು ದಿನ ಮಾತ್ರ ಕಾಲೇಜಿಗೆ ಹೋದಳು, ಅದೂ ನನ್ನ ಬದಲಿಗೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಭಟ್ಕಳಕ್ಕೂ ಹೊನ್ನಾವರಕ್ಕೂ ನಡುವೆ, ಕಡಲ ದಂಡೆಯ ಒಂದು ಕೇರಿ. ಅಪ್ಪ ದೋಣಿಯ ಮೇಲೆ ಹೋಗುತ್ತಿದ್ದ. ಅವ್ವಿ ಮನೆಯಲ್ಲಿ ಮೀನು ಒಣಗಿಸುತ್ತಿದ್ದಳು. ಆ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲ ಹುಡುಗಿ ನಾನು. ಪಾಸಾದ ಸುದ್ದಿ ಬಂದ ದಿನವೇ ಸಲಹೆ ಕೊಡುವವರು ಅಂಗಳಕ್ಕೆ ಬರತೊಡಗಿದರು. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಎದ್ದುಬಂದ ನೆಂಟನೊಬ್ಬ ಎಲ್ಲರಿಗಿಂತ ವಿವರವಾಗಿ ಹೇಳಿದ. ಸಾಯನ್ಸ್ ತೆಗೆದುಕೊಂಡರೆ ಕಣ್ಣು ಹೋಗುತ್ತದಂತೆ, ಕಾಮರ್ಸ್ ತೆಗೆದುಕೊಂಡರೆ ಕೂದಲು ಉದುರುತ್ತದಂತೆ. ಆರ್ಟ್ಸ್ ತೆಗೆದುಕೊಂಡರೆ ಏನೂ ಆಗುವುದಿಲ್ಲವಂತೆ. ಭಟ್ಕಳದ ಪಕ್ಕದ ಜಾಲಿ ಊರಿನ ಬಟ್ಟೆ ಅಂಗಡಿಯವರು, ಹುಡುಗಿ ಭಟ್ಕಳಕ್ಕೇ ಹೋಗಲಿ, ಹತ್ತಿರ, ಎಂದರು. ಅವ್ವಿಯ ತವರಾದ ಹೆಬಳೆಯಿಂದ ಬಂದ ಮಾವ, ಕುಮಟೆಯಲ್ಲಿ ಕಲಿತವರ ಇಂಗ್ಲಿಷು ಜೋರು, ಅಲ್ಲಿಗೇ ಕಳಿಸಿ, ಎಂದ. ಅವನಿಗೆ ಇಂಗ್ಲಿಷು ಜೋರಾಗಿದೆಯೋ ಮೆತ್ತಗಾಗಿದೆಯೋ ತಿಳಿಯುವ ದಾರಿ ಏನಿತ್ತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಮಾತ್ರ ಒಂದೇ ಮಾತು ಹೇಳಿದ. "ಯಾವ್ದಕ್ಕಾದ್ರೂ ಹೋಗ್ಲಿ. ಆದ್ರೆ ಕಾಲೇಜಿಂದ ಒಂದೇ ಒಂದು ದೂರು ಮನೆವರೆಗೆ ಬಂತು ಅಂದ್ರೆ ಅವತ್ತಿಗೇ ಆತು. ಮತ್ತೆ ಮನೇಲಿ ಕೂತ್ಕಂಡು ಮೀನು ಒಣಗಿಸೂದು."

ಅಪ್ಪ ಕೆಟ್ಟವನಲ್ಲ, ಹೆದರುವವನು. ಸಮುದ್ರಕ್ಕೆ ಹೆದರುತ್ತಿರಲಿಲ್ಲ, ಕಚೇರಿಗೆ ಹೆದರುತ್ತಿದ್ದ. ಅವನ ಆಯುಷ್ಯದಲ್ಲಿ ಕಚೇರಿಯಿಂದ ಬಂದ ಯಾವ ಕರೆಯೂ ಒಳ್ಳೆಯದಕ್ಕೆ ಬಂದಿರಲಿಲ್ಲ. ಅವನು ಆಡಿದ ಮಾತಿಗೆ ತಪ್ಪುವವನಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದ್ದರಿಂದ ಕಾಲೇಜಿಗೆ ಹೋಗುವ ಮೊದಲೇ ನನ್ನ ಕಾಲೇಜು ಒಂದು ಕೂದಲೆಳೆಯಲ್ಲಿ ನೇತಾಡುತ್ತಿತ್ತು.

ಅತ್ತೆ ಈ ಸಲಹೆಗಾರರನ್ನೆಲ್ಲ ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ಎಲೆ ಅಡಿಕೆ ಉಗಿದು ಬಂದು, "ಇವ್ರಲ್ಲಿ ಒಬ್ರಾದ್ರೂ ಹೋಗಿ ನೋಡ್ಕಂಡು ಬಂದವ್ರು ಇದ್ದಾರನಾ?" ಎಂದು ಕೇಳಿದಳು. ಯಾರೂ ಇರಲಿಲ್ಲ. "ಜಾಗ ಹಿಡಿಯೂ ಮೊದ್ಲು ಜಾಗ ನೋಡೂದಲ್ವಾ? ಬಾ ಮಗಾ, ನೋಡ್ಕಂಡು ಬರ್ವಾ" ಎಂದಳು.

ಹೊಸ ಮಾರ್ಕೆಟ್ಟಿನಲ್ಲಿ ಬುಟ್ಟಿ ಇಡುವ ಮುಂಚೆ ಅತ್ತೆಯ ಕಡೆಯ ಹೆಂಗಸರು ಒಂದು ದಿನ ಬರಿಗೈಯಲ್ಲಿ ಹೋಗಿ ಕೂತು ನೋಡುತ್ತಿದ್ದರು. ಹನ್ನೆರಡು ಗಂಟೆಗೆ ನೆರಳು ಎಲ್ಲಿ ಬೀಳುತ್ತದೆ, ಕಾಗೆ ಎಲ್ಲಿಂದ ಎರಗುತ್ತದೆ, ನೀರು ಎಷ್ಟು ದೂರ, ಪಕ್ಕದವಳ ಬಾಯಿ ಎಂಥದು, ತೆಗೆದುಕೊಂಡು ಹೋಗುವ ಗಿರಾಕಿಯ ಮುಖ ಹೇಗಿದೆ. ಬೆಲೆ ಕೇಳುವಾಗ ಎಲ್ಲರ ಮುಖವೂ ಒಂದೇ, ಕೊಂಡು ಹೋಗುವಾಗಿನ ಮುಖವೇ ನಿಜದ್ದು ಎಂದು ಅತ್ತೆ ಹೇಳುತ್ತಿದ್ದಳು. ಅದೇ ಕ್ರಮದಲ್ಲಿ ಅವಳು ನನಗೆ ಕಾಲೇಜು ಹುಡುಕಲು ಹೊರಟಳು.

ಮೊದಲು ಭಟ್ಕಳ. ಅತ್ತೆಗೆ ಆ ಊರೆಂದರೆ ಪ್ರೀತಿ. ಅಲ್ಲಿಯ ಗಿರಾಕಿಗಳಿಗೆ ಮೀನಿನ ಹದ ಗೊತ್ತು ಎಂದು ಅವಳ ಅಭಿಪ್ರಾಯ. ಮೊದಲು ಅಲ್ಲೂ ಮಾರಿದವಳು, ಬೆಲೆ ಹೇಳುವಷ್ಟು ಅಲ್ಲಿಯ ಮುಸ್ಲಿಮರ ನವಾಯತಿ ಮಾತನ್ನೂ ಕಲಿತಿದ್ದಳು. ನಾವು ಗೇಟಿನ ಎದುರು ಕೂತೆವು. ಒಂದು ತಾಸಾಯಿತು, ಯಾರೂ ಹೊರಗೆ ಬರಲಿಲ್ಲ. ಕೊನೆಗೆ ಒಂದು ಆಕಳು ಬಂತು. ಅವತ್ತು ರಜೆ ಎಂದು ದಾರಿಹೋಕನೊಬ್ಬ ಹೇಳಿದ. ಅತ್ತೆ ಸೆರಗು ಕೊಡವಿಕೊಂಡು ಎದ್ದಳು. "ಆಕಳ ಮುಖ ಏನೋ ಚಂದಿತ್ತು. ಆದ್ರೆ ಅದೊಂದನ್ನೇ ನಂಬ್ಕಂಡು ಹುಡ್ಗೀನ ಕಳ್ಸೂಕಾಗ್ತದಾ?" ಎಂದಳು. ಇನ್ನೊಂದು ದಿನ ಬರೋಣ ಎಂದರೆ ಒಪ್ಪಲಿಲ್ಲ. ಮೊದಲ ದಿನ ಬೋಣಿಯಾಗದ ಜಾಗಕ್ಕೆ ಅವಳು ಎರಡನೆಯ ಸಲ ಹೋಗುವವಳಲ್ಲ.

ಆಮೇಲೆ ಕುಮಟೆ. ಅಲ್ಲಿ ಹುಡುಗರು, ಹುಡುಗಿಯರು ನಗುತ್ತ, ಕುಣಿಯುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಹೊರಗೆ ಬಂದರು. ನನಗೆ ನೋಡಿಯೇ ಖುಷಿಯಾಯಿತು. ಅತ್ತೆ ತಲೆ ಅಲ್ಲಾಡಿಸಿದಳು. "ಇಷ್ಟು ಖುಷೀಲಿ ಹೊರಗೆ ಬರ್ತ್ರು ಅಂದ್ರೆ ಒಳಗೆ ಎಂತದೋ ತ್ರಾಸು ಅದೆ." ಅವರ ತಂಡ ಆಟದಲ್ಲಿ ಗೆದ್ದದ್ದಕ್ಕೆ ಅರ್ಧ ದಿನ ಬಿಟ್ಟಿದ್ದಾರೆ ಎಂದು ನಾನು ಕೇಳಿಕೊಂಡು ಬಂದು ಹೇಳಿದೆ. "ಹಂಗಾರೆ ಸೋತ್ರೆ ಎಂತಾ ಮಾಡ್ತ್ರು?" ಎಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳಿಗೆ ವಾಂತಿಯಾಯಿತು, ಕುಮಟೆ ದೂರ ಎಂದು ಅಲ್ಲಿಗೆ ತೀರ್ಮಾನವಾಯಿತು.

ಹೊನ್ನಾವರದಲ್ಲಿ ಹೊರಗೆ ಬಂದವರ ಮುಖದಲ್ಲಿ ನನಗೆ ವಿಶೇಷವೇನೂ ಕಾಣಲಿಲ್ಲ. ಇಬ್ಬರು ಹುಡುಗಿಯರು ಏನೋ ಜಗಳವಾಡುತ್ತ ಬಂದರು. ಒಬ್ಬಳು ಗೇಟಿನಲ್ಲೇ ನಿಂತು, ಪುಸ್ತಕ ಬಿಚ್ಚಿ, ಬೆರಳಿಟ್ಟು ತೋರಿಸಿ, "ಈಗೆಂತ ಹೇಳ್ತೆ?" ಎಂದಳು. ಇನ್ನೊಬ್ಬಳು ಓದಿ ನೋಡಿ, ಆದರೂ ಒಪ್ಪದೆ, ಜಗಳ ಮುಂದುವರಿಸಿದಳು. ಇಬ್ಬರೂ ಹಾಗೆಯೇ ಬಸ್‌ಸ್ಟ್ಯಾಂಡಿನ ಕಡೆ ಹೋದರು. ಅತ್ತೆ ಅವರು ಕಣ್ಮರೆಯಾಗುವವರೆಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಜವಾನನನ್ನು ಹಿಡಿದು, ಕುಡಿಯುವ ನೀರು ಎಲ್ಲಿ, ಹೆಣ್ಣುಮಕ್ಕಳು ಹೋಗುವ ಜಾಗ ಎಲ್ಲಿ, ಅದಕ್ಕೆ ಬಾಗಿಲಿದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂದು ಕೇಳಿದಳು. ನಮ್ಮ ಅಂಗಳಕ್ಕೆ ಬಂದ ಸಲಹೆಗಾರರಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಜವಾನ ಅವಳ ಹಳೆಯ ಗಿರಾಕಿ, ಚಿಲಕ ಹಾಕಿಯೇ ತೋರಿಸಿದ.

"ಇದು ಆತು" ಎಂದಳು ಅತ್ತೆ. ಹಾಗೆ ನಾನು ಹೊನ್ನಾವರದಲ್ಲಿ ಪಿಯುಸಿ ಮೊದಲ ವರ್ಷಕ್ಕೆ, ಏನೂ ಆಗದ ಆರ್ಟ್ಸಿಗೆ ಸೇರಿದೆ.

ಕಾಲೇಜಿನ ಮೊದಲ ದಿನಕ್ಕೂ ಅವಳದೊಂದು ಪಾಠವಿತ್ತು. "ಸಾಲಿನ ಮೊದ್ಲಲ್ಲಿ ಕೂರಬೇಡ, ಬಂದವ್ರೆಲ್ಲ ನಿನ್ನನ್ನೇ ಕೇಳಿ ಮುಂದೆ ಹೋಗ್ತ್ರು. ಕೊನೇಲಿ ಬೇಡ, ಅಲ್ಲಿ ನಾಯಿ ಬರ್ತದೆ. ಮಧ್ಯ ಕೂತ್ಕ. ಒಂದು ಬದಿಗೆ ಬಾಯಿ ಇದ್ದವ್ಳು, ಇನ್ನೊಂದು ಬದಿಗೆ ಬಾಯಿ ಇಲ್ದವ್ಳು. ಒಬ್ಳು ಸುದ್ದಿ ಹೇಳ್ತಳೆ, ಒಬ್ಳು ಕೆಲ್ಸ ಮಾಡೂಕೆ ಬಿಡ್ತಳೆ." ನಾಯಿಯ ವಿಷಯ ಬಿಟ್ಟರೆ ಎಲ್ಲ ಸರಿಯಾಗಿತ್ತು. ಹುಡುಗಿಯರ ಸಾಲಿನಲ್ಲಿ ಮೂರನೆಯ ಬೆಂಚು, ಕಿಟಕಿಯ ಪಕ್ಕ ಬಿಟ್ಟು ಅದರಾಚೆ, ಮಾತುಗಾತಿಗೂ ಮೌನಿಗೂ ನಡುವೆ ಕೂತೆ. ಸೇರಿ ಎರಡು ವಾರವಾಗುವಾಗ ನನಗೆ ಕಾಲೇಜಿನ ಸುದ್ದಿಯೂ ಗೊತ್ತಿತ್ತು, ಟಿಪ್ಪಣಿಯೂ ಪೂರ್ತಿಯಿತ್ತು.

ಒಂದು ವಿಷಯ ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಮಾರ್ಕೆಟ್ಟಿನಲ್ಲಿ ಕಂಬದ ಪಕ್ಕ ಕೂತು "ಬಂಗಡೆ ಬಂಗಡೆ" ಎಂದು ಕೂಗುವವಳು ನನ್ನ ಅತ್ತೆ ಎಂಬುದನ್ನು. ಯಾರೂ ಕೇಳಿರಲಿಲ್ಲ, ಅದಕ್ಕೇ ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಗುತ್ತಿತ್ತು. ಬೆಳಿಗ್ಗೆ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದು, ಬಸ್ಸಿನಲ್ಲಿ ಮೂಸಿ ನೋಡಿಕೊಳ್ಳುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಜ್ವರ ಬಂತು. ಎರಡು ದಿನ ಏಳಲಿಕ್ಕಾಗಲಿಲ್ಲ. ಸಂಜೆ ಅತ್ತೆ ಬಂದು ಹಣೆ ಮುಟ್ಟಿ ನೋಡಿ, ಗಂಜಿ ಕುಡಿಸಿ, ಇದ್ದಕ್ಕಿದ್ದಂತೆ ಕೇಳಿದಳು.

"ಹೌದೇ, ಈಗ ಅಲ್ಲಿ ನಿನ್ನ ಜಾಗದಲ್ಲಿ ಯಾರು ಕೂತದಾರೆ?"

"ಯಾರೂ ಇಲ್ಲ ಅತ್ತೆ."

"ಎರಡು ದಿನದಿಂದ ಖಾಲಿಯಾ?" ಅವಳ ಮುಖ ಸಪ್ಪಗಾಯಿತು. "ಅಯ್ಯೋ ದೇವ್ರೇ! ಇವ್ರಿಗೆ ಯಾರಿಗೂ ಗೊತ್ತೇ ಆಗಲಿಲ್ವಾ?"

ಆಗಿನ ಮೀನು ಮಾರ್ಕೆಟ್ಟಿನಲ್ಲಿ ಹೆಂಗಸರಿಗೆ ಜಾಗ ಬರೆದುಕೊಟ್ಟ ಕಾಗದಪತ್ರ ಇರಲಿಲ್ಲ. ಕೂತವಳದ್ದೇ ಜಾಗ. ಎರಡು ದಿನ ಖಾಲಿ ಬಿಟ್ಟರೆ ಮೂರನೆಯ ದಿನ ಅಲ್ಲಿ ಇನ್ಯಾರದೋ ಬುಟ್ಟಿ ಇರುತ್ತಿತ್ತು. ಆಮೇಲೆ ಕೂಗಾಡಿದರೂ ಉಪಯೋಗವಿಲ್ಲ. ಆದ್ದರಿಂದ ಜ್ವರ ಬರಲಿ, ಬಾಣಂತನವಿರಲಿ, ಮನೆಯ ಇನ್ನೊಬ್ಬ ಹೆಂಗಸು ಹೋಗಿ ಕೂರಲೇಬೇಕು. ಮಾರಲು ಮೀನಿಲ್ಲದಿದ್ದರೆ ಖಾಲಿ ಬುಟ್ಟಿ ಮುಂದಿಟ್ಟುಕೊಂಡು ಕೂರುವುದು. ನನ್ನ ಅವ್ವಿಯೂ ಅತ್ತೆಯ ಪರವಾಗಿ ಹಾಗೆ ಎಷ್ಟೋ ಸಲ ಕೂತಿದ್ದಳು. ನಮ್ಮ ಮನೆಯಲ್ಲಿ ಇದು ಹೇಳಿಕೊಡುವ ವಿಷಯವೇ ಅಲ್ಲ, ಹುಟ್ಟಿದಾಗಿನಿಂದ ನೋಡಿದ್ದು. ಆದರೂ ಜ್ವರದ ಮಂಪರಿನಲ್ಲಿದ್ದ ನನಗೆ ಅತ್ತೆಯ ಪ್ರಶ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹೊಳೆಯಲಿಲ್ಲ. "ನೀ ಮಲಗು, ನಾ ನೋಡ್ಕಂತೆ" ಎಂದು ಅವಳು ಹೋದಳು. ನಾನು ಮಲಗಿದೆ. ಮರುದಿನ ಅತ್ತೆಯ ಬದಲು ಅವ್ವಿ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೊರಟದ್ದು ಯಾಕೆಂದು ಕೇಳುವ ಎಚ್ಚರವೂ ನನಗಿರಲಿಲ್ಲ.

ಮೂರು ದಿನ ಕಳೆದು ನಾನು ಕಾಲೇಜಿಗೆ ಹೋದಾಗ ಗೇಟಿನಿಂದಲೇ ಹುಡುಗಿಯರು ಮುತ್ತಿಕೊಂಡರು. ನನ್ನ ಬೆಂಚಿನ ಮಾತುಗಾತಿಗೆ ಹೇಳಲು ಉಸಿರು ಸಾಲುತ್ತಿರಲಿಲ್ಲ. ಮೂರು ದಿನವೂ ಒಬ್ಬ ಹೆಂಗಸು ಬಂದು ಕ್ಲಾಸಿನಲ್ಲಿ ಕೂತಿದ್ದಳಂತೆ. ಐವತ್ತರ ಮೇಲಿನ ಪ್ರಾಯ, ಮದುವೆಮನೆಗೆ ಉಡುವಂಥ ಸೀರೆ. ಘಂಟೆ ಹೊಡೆಯುವ ಮೊದಲೇ ಬಂದು, ಸರಿಯಾಗಿ ನನ್ನ ಜಾಗವನ್ನೂ ಹಾಜರಿ ನಂಬರನ್ನೂ ಕೇಳಿ ತಿಳಿದುಕೊಂಡು, ಮುಂದೆ ಒಂದು ಖಾಲಿ ಕೈಚೀಲ ಇಟ್ಟುಕೊಂಡು ಕೂತಳಂತೆ.

ಇಂಗ್ಲಿಷ್ ಪಾಠದವರು ಅವಳನ್ನು ನೋಡಿ, ಯಾರದೋ ತಾಯಿ ಇರಬೇಕು, ಈಗ ಎದ್ದು ಹೋಗುತ್ತಾಳೆ ಎಂದು ಕಾದರು. ಅವಳು ಹೋಗಲಿಲ್ಲ. ಹಾಜರಿ ಕರೆಯುವಾಗ ನನ್ನ ನಂಬರು ಮೂವತ್ತೇಳು ಬಂತು. "ಇದ್ದೆ" ಎಂದು ಗಟ್ಟಿಯಾಗಿ ಹೇಳಿದಳು. ಮಾರ್ಕೆಟ್ಟಿನ ಧ್ವನಿ, ಅವರ ಕೈಯಿಂದ ಪೆನ್ನು ಜಾರಿತು. ಹಾಜರಿ ಹಾಕಿಬಿಟ್ಟರು. ಅರ್ಥಶಾಸ್ತ್ರದವರು ಆ ವರ್ಷವೇ ಕೆಲಸಕ್ಕೆ ಸೇರಿದ ಚಿಕ್ಕ ಪ್ರಾಯದವರು. ಇವಳು ಮೇಲಿನಿಂದ ತಪಾಸಣೆಗೆ ಬಂದವಳು ಎಂದು ಅವರಿಗೆ ಹೇಗೋ ಮನಸ್ಸಿಗೆ ಬಂದುಬಿಟ್ಟಿತು. ಅವತ್ತಿನವರೆಗೆ ಪುಸ್ತಕ ನೋಡಿ ಓದುತ್ತಿದ್ದವರು ಬೋರ್ಡಿನ ಮೇಲೆ ಚಿತ್ರ ಬರೆದು, ಎರಡೆರಡು ಸಲ ಬಿಡಿಸಿ ಹೇಳಿ, "ಅರ್ಥವಾಯಿತೆ?" ಎಂದು ಪ್ರತಿ ಸಲ ಅವಳ ಕಡೆಯೇ ನೋಡಿದರಂತೆ. ಅವಳು ಪ್ರತಿ ಸಲ "ಆತು" ಎಂದಳಂತೆ. ಆ ಮೂರು ದಿನದ ಅರ್ಥಶಾಸ್ತ್ರ ಇಡೀ ಕ್ಲಾಸಿಗೆ ಪರೀಕ್ಷೆಯವರೆಗೆ ನೆನಪಿತ್ತು. ನನ್ನೊಬ್ಬಳಿಗೇ ಅದು ತಪ್ಪಿಹೋಯಿತು. ಕನ್ನಡದ ಹಿರಿಯರು ತಲೆಯೆತ್ತಿ ಯಾರನ್ನೂ ನೋಡುವ ಅಭ್ಯಾಸದವರಲ್ಲ, ಅವರಿಗೆ ಏನೂ ಗೊತ್ತಾಗಲೇ ಇಲ್ಲ.

ತೊಂದರೆಯಾದದ್ದು ಮೂರನೆಯ ದಿನ. ಊಟದ ಬಿಡುವಿನ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಬೋರ್ಡು ಕಾಣುವುದಿಲ್ಲವೆಂದು ಮುಂದೆ ಬಂದು ನನ್ನ ಜಾಗದಲ್ಲಿ ಕೂತಳಂತೆ. ನೀರು ಕುಡಿದು ಬಂದ ಆ ಹೆಂಗಸು ಅವಳ ರಟ್ಟೆ ಹಿಡಿದೆತ್ತಿ ಪಕ್ಕಕ್ಕೆ ನಿಲ್ಲಿಸಿ, "ಇಷ್ಟು ಚಂದ ಬಟ್ಟೆ ಹಾಕ್ಕಂಡಿದ್ಯೆ, ಮಂದಿ ಜಾಗ ಹಿಡಿಯೂಕೆ ನಾಚಿಕೆ ಆಗುದಿಲ್ವಾ?" ಎಂದಳಂತೆ. ಹುಡುಗಿ ಅತ್ತಳು. ದೂರು ಪ್ರಿನ್ಸಿಪಾಲರ ಕೋಣೆಗೆ ಹೋಯಿತು.

"ಯಾರೇ ಅವಳು? ನಿನ್ನ ಗುರ್ತಿನವಳಾ?" ಎಂದು ಎಲ್ಲರೂ ಕೇಳಿದರು. ದೂರು ಎಂಬ ಶಬ್ದ ಕೇಳಿದ್ದೇ ಅಪ್ಪನ ಮುಖ ಕಣ್ಣೆದುರು ಬಂತು.

"ನಂಗೆ ಗೊತ್ತಿಲ್ಲ" ಎಂದೆ.

ಹತ್ತು ನಿಮಿಷಕ್ಕೆ ಜವಾನ ಬಂದು ಕರೆದ. ಪ್ರಿನ್ಸಿಪಾಲರು ತೆಳ್ಳಗಿನ, ಸಮಾಧಾನದ ಮನುಷ್ಯರು. ಎದುರಿಗೆ ಹಾಜರಿ ಪುಸ್ತಕ ಬಿಚ್ಚಿತ್ತು. "ಮೂರು ದಿನ ನಿನ್ನ ಹಾಜರಿ ಹೇಳಿದವರು ಯಾರಮ್ಮಾ? ನಿಮ್ಮ ಮನೆಯವರೆ? ಹೌದಾದರೆ ತಂದೆಯನ್ನು ಕರೆದುಕೊಂಡು ಬಾ, ಮಾತಾಡೋಣ" ಎಂದರು.

ತಂದೆಯನ್ನು ಕರೆಯುವುದೆಂದರೆ ಅವತ್ತಿಗೇ ಆತು. "ಅಲ್ಲ ಸರ್, ನಮ್ಮ ಮನೆಯವರಲ್ಲ. ಅವರು ಯಾರು ಅಂತ ನನಗೆ ಗೊತ್ತಿಲ್ಲ" ಎಂದೆ. ಒಂದೇ ದಿನದಲ್ಲಿ ಎರಡನೆಯ ಸಲ ಹೇಳಿದ್ದರಿಂದ ಮೊದಲಿನಷ್ಟು ಕಷ್ಟವಾಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಜವಾನ ಕೆಮ್ಮಿದ. "ಅವ್ಳು ಮೀನು ಮಾರ್ಕೆಟ್ಟಿನವ್ಳು ಸರ್. ಕಂಬದ ಬದಿ ಕೂರ್ತಳೆ. ಕರ್ಕಂಡು ಬತ್ತೆ" ಎಂದು, ಯಾರೂ ಹೇಳುವ ಮೊದಲೇ ಹೊರಟ.

ಅರ್ಧ ತಾಸು ನಾನು ಆ ಕೋಣೆಯ ಮೂಲೆಯಲ್ಲಿ ನಿಂತಿದ್ದೆ. ಅತ್ತೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು ಹಾಗೇ ಇತ್ತು, ಕೈಯಲ್ಲಿ ಮೀನಿನ ಹುರುಪೆ ಅಂಟಿತ್ತು. ಕೋಣೆಯೆಲ್ಲ ಬಂಗಡೆ ವಾಸನೆ. ಪ್ರಿನ್ಸಿಪಾಲರು ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ಅಮ್ಮಾ, ಈ ಹುಡುಗಿ ನಿಮಗೆ ಗೊತ್ತೆ?"

ಅತ್ತೆ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ಇಲ್ಲ ದೊಡ್ಡ ಮಾಸ್ತರೇ. ನಾ ಇವ್ಳನ್ನ ಕಂಡೇ ಇಲ್ಲ" ಎಂದಳು.

"ಹಾಗಾದರೆ ಮೂರು ದಿನ ಕ್ಲಾಸಿಗೆ ಯಾಕೆ ಬಂದಿರಿ?"

"ಓದೂಕೆ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ಒರೆಸಿದರು. "ಓದಲಿಕ್ಕೆ?"

"ಹೌದು. ಮೀನು ಮಾರಿ ಮಾರಿ ಬೇಜಾರು ಬಂತು. ನಾಕು ಅಕ್ಷರ ಕಲ್ತ್ರೆ ಲುಕ್ಸಾನೇನು ಅಂತ ಬಂದೆ."

"ಎಷ್ಟನೆಯ ಇಯತ್ತೆಯವರೆಗೆ ಕಲಿತಿದ್ದೀರಿ?"

"ಒಂದೂ ಇಲ್ಲ. ಅದ್ಕೇ ಒಂದೇ ಸಲ ಇಲ್ಲಿಗೇ ಬಂದೆ. ಇದ್ದದ್ರಲ್ಲಿ ದೊಡ್ಡ ಶಾಲೆ ಇದೇ ಅಲ್ವಾ?"

ಜವಾನ ಮುಖ ಆಚೆ ತಿರುಗಿಸಿಕೊಂಡ. ಪ್ರಿನ್ಸಿಪಾಲರ ತುಟಿಯೂ ಅಲುಗಿತು, ಆದರೆ ಅವರು ಕೂಡಲೇ ಗಂಭೀರರಾದರು. ಕಾಲೇಜಿಗೆ ಸೇರದವರು ಒಳಗೆ ಬಂದು ಇನ್ನೊಬ್ಬರ ಹಾಜರಿ ಹೇಳುವುದು ಸಣ್ಣ ವಿಷಯವಲ್ಲ, ಮನೆಯವರಾಗಿದ್ದರೆ ಮಾತಾಡಿ ಮುಗಿಸಬಹುದಿತ್ತು, ಯಾರೋ ಹೊರಗಿನವರೆಂದರೆ ಪೊಲೀಸರಿಗೆ ತಿಳಿಸಲೇಬೇಕಾಗುತ್ತದೆ ಎಂದರು.

"ಆತು, ತಿಳ್ಸಿ" ಎಂದಳು ಅತ್ತೆ. "ಅಷ್ಟರೊಳಗೆ ಮೀನು ಖಾಲಿ ಮಾಡ್ಕಂಡು ಬರ್ಲಾ? ಬಿಸಿಲಿಗೆ ಹಾಳಾಗ್ತದೆ."

ನನಗೆ ಅಲ್ಲಿಯೇ ಅಳು ಬಂತು. ಅಳು ಅಂದರೆ ಸಣ್ಣ ಅಳುವಲ್ಲ, ಮೂಗು ಬಾಯಿ ಎಲ್ಲ ಸೇರಿ ಬರುವ ಅಳು. ಆ ಅಳುವಿನಲ್ಲಿ, "ಅದು ನಮ್ಮತ್ತೆ ಸರ್, ನಮ್ಮಪ್ಪನ ಅಕ್ಕ" ಎಂದೆ. ಪ್ರಿನ್ಸಿಪಾಲರಿಗೆ ಅರ್ಥವಾಗದೆ ಎರಡು ಸಲ ಹೇಳಬೇಕಾಯಿತು. ಅತ್ತೆಗೆ ಸಿಟ್ಟು ಬಂತು. "ಥೋ! ಬಾಯಿ ಮುಚ್ಕಂಡು ಇರೂಕೆ ಎಂತ ಆಗಿತ್ತು ನಿಂಗೆ? ನಾ ಎಷ್ಟು ಚಂದ ಹೇಳ್ತಾ ಇದ್ದೆ!"

ಮರುದಿನ ಅಪ್ಪ ಬಂದ. ದೋಣಿ ಬಿಟ್ಟು, ಇಸ್ತ್ರಿ ಇಲ್ಲದ ಬಿಳಿ ಅಂಗಿ ಹಾಕಿಕೊಂಡು, ನನ್ನ ಜೊತೆ ಬಸ್ಸಿನಲ್ಲಿ ಬಂದ. ಹಿಂದಿನ ರಾತ್ರಿ ಬೈದಿರಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಆಸೆ ಉಳಿಯುತ್ತಿತ್ತು. ಪ್ರಿನ್ಸಿಪಾಲರ ಎದುರು ಕೈ ಕಟ್ಟಿ ನಿಂತು, ಅವರು ಬಾಯಿ ತೆರೆಯುವ ಮೊದಲೇ ಹೇಳಿದ. "ತಪ್ಪಾತು ಸರ್. ಇವ್ಳ ಹೆಸರು ತೆಗೀರಿ. ನಾ ಮನೆಗೆ ಕರ್ಕಂಡು ಹೋಗ್ತೆ."

"ಹೆಸರು ತೆಗೆಯಲಿಕ್ಕೆ ನಾನು ಕರೆಸಿದ್ದಲ್ಲ" ಎಂದರು ಪ್ರಿನ್ಸಿಪಾಲರು. ಅವರಿಗೆ ಬೇಕಾದದ್ದು ಒಂದೇ. ಅಮ್ಮ ಹೀಗೆ ಯಾಕೆ ಮಾಡಿದರು ಎಂದು ತಿಳಿಯಬೇಕಿತ್ತು.

ಅತ್ತೆ ಮಾರ್ಕೆಟ್ಟಿನ ರಿವಾಜು ಹೇಳಿದಳು. ಹುಡುಗಿ ಎರಡು ದಿನ ಮಲಗಿದ್ದಳು, ಮೂರನೆಯ ದಿನ ಜಾಗ ಹೋಗುತ್ತಿತ್ತು, ಅದಕ್ಕೆ ಬಂದೆ. ಒಬ್ಬಳು ಹಿಡಿಯಲಿಕ್ಕೆ ಬಂದೂ ಬಂದಿದ್ದಳು, ನೀವೇ ವಿಚಾರಿಸಿ ನೋಡಿ ಎಂದಳು. ಪ್ರಿನ್ಸಿಪಾಲರು ಪೂರ್ತಿ ಕೇಳಿದರು. ನಗಲಿಲ್ಲ. ಅವರು ನಗದೇ ಇದ್ದದ್ದಕ್ಕೆ ನಾನು ಅವರನ್ನು ಈಗಲೂ ನೆನೆಯುತ್ತೇನೆ. ಹಾಜರಿ ಪುಸ್ತಕ ಅವಳ ಕಡೆ ತಿರುಗಿಸಿ, ಮೂವತ್ತೇಳನೆಯ ಸಾಲಿನ ಮೇಲೆ ಬೆರಳಿಟ್ಟರು.

"ನೋಡಿ ಅಮ್ಮಾ. ಇದು ನಿಮ್ಮ ಹುಡುಗಿಯ ಹೆಸರು. ಜ್ವರ ಬಂದರೆ ಚೀಟಿ ಕೊಟ್ಟರೆ ಸಾಕು. ಇದನ್ನು ಬೇರೆ ಯಾರೂ ತೆಗೆದುಕೊಳ್ಳಲಿಕ್ಕೆ ಬರುವುದಿಲ್ಲ."

"ನಾಕು ದಿನ ಬರ್ದಿದ್ರೂ?"

"ಬರದಿದ್ದರೂ."

"ಹದಿನೈದು ದಿನ?"

"ಹದಿನೈದು ದಿನ ಕಾಯಿಲೆಯಾದರೂ ಅವಳ ಹೆಸರು ಇಲ್ಲೇ ಇರುತ್ತದೆ."

"ಯಾರೂ ಬಂದು ಕೂರೂದು ಬೇಡ?"

"ಬೇಡ. ದಯಮಾಡಿ ಬೇಡ."

ಅತ್ತೆ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿದಳು. ಮಾರ್ಕೆಟ್ಟಿನ ಧ್ವನಿಯಲ್ಲ, ನಾನು ಅದುವರೆಗೆ ಕೇಳದಿದ್ದ ಒಂದು ಸಣ್ಣ ಧ್ವನಿಯಲ್ಲಿ ಹೇಳಿದಳು.

"ತಮ್ಮಾ, ಕೇಳ್ದ್ಯನಾ? ನಿನ್ನ ಭಾವ ಸತ್ತ ಮೂರನೇ ದಿನಕ್ಕೆ ನಾ ಬುಟ್ಟಿ ಹೊತ್ತೆ. ಮಂದಿ ಏನ್ ಆಡ್ಕಂಡ್ರು ಅಂತ ನಿಂಗೆ ಗೊತ್ತದೆ. ಅಳೂಕೂ ಪುರ್ಸೊತ್ತು ಇರ್ಲಿಲ್ಲ ನಂಗೆ, ಜಾಗ ಹೋಗ್ತದೆ ಅಂತ. ಇಲ್ಲಿ ನೋಡು. ಜ್ವರ ಬಂದು ಮಲಗಿದ್ರೂ ಇವ್ಳ ಜಾಗ ಇವ್ಳಿಗೇ ಅಂತೆ. ಕಾಯೂದೇ ಬೇಡಂತೆ. ಇಂಥಾ ಜಾಗ ನಂಗೆ ಸಿಕ್ಕಿತ್ತಾ? ನಿಂಗೆ ಸಿಕ್ಕಿತ್ತಾ? ಅದ್ನ ಬಿಡ್ಸಿ ಕರ್ಕಂಡು ಹೋಗ್ತೆ ಅಂತೆಯಲ್ಲ, ನಿನ್ನ ಮಂಡೆ ಸಮಾ ಅದೆಯಾ?"

ಅಪ್ಪನೂ ಮೇಜಿನ ಮೇಲೆ ಬಾಗಿ ಆ ಸಾಲನ್ನು ನೋಡಿದ. ಅವನಿಗೆ ತನ್ನ ಹೆಸರಿನಷ್ಟು ಓದಲು ಬರುತ್ತಿತ್ತು, ನನ್ನ ಹೆಸರಿನ ಮುಂದೆ ಅವನ ಹೆಸರೂ ಇತ್ತು. ಅದರ ಮೇಲೆ ಒಂದು ಸಲ ಬೆರಳಾಡಿಸಿ, ಪ್ರಿನ್ಸಿಪಾಲರನ್ನು ಕೇಳಿದ.

"ಮುಂದಿನ ವರ್ಷವೂ ಹೆಸರು ಹಿಂಗೇ ಇರ್ತದನಾ ಸರ್?"

"ಪಾಸಾದರೆ ಮುಂದಿನ ಕ್ಲಾಸಿನ ಪುಸ್ತಕದಲ್ಲಿ ಇರುತ್ತದೆ."

"ಪಾಸಾಗ್ತಳೆ" ಎಂದ ಅಪ್ಪ. ನನ್ನನ್ನು ಕೇಳಲಿಲ್ಲ, ಸುಮ್ಮನೆ ಹೇಳಿಬಿಟ್ಟ.

ಪ್ರಿನ್ಸಿಪಾಲರು ಕೆಂಪು ಶಾಯಿಯಲ್ಲಿ ಆ ಮೂರು ದಿನದ ಹಾಜರಿ ಹೊಡೆದುಹಾಕಿದರು. ಅದೊಂದು ಅತ್ತೆಗೆ ಸರಿ ಕಾಣಲಿಲ್ಲ. ಕೂತದ್ದು ಕೂತದ್ದೇ ಅಲ್ಲವೇ, ಮೂರೂ ದಿನ ಕದಲದೆ ಕೂತಿದ್ದೇನೆ, ಬೇಕಾದರೆ ಆ ಚಿಕ್ಕ ಮಾಸ್ತರನ್ನು ಕೇಳಿ ಎಂದು ವಾದಿಸಿದಳು. ಅರ್ಧಕ್ಕಾದರೂ ಇಳಿಯಿರಿ, ಒಂದೂವರೆ ದಿನ ಕೊಡಿ ಎಂದಳು. ಪ್ರಿನ್ಸಿಪಾಲರು ಇಳಿಯಲಿಲ್ಲ. ಅವಳ ಎದುರು ಚೌಕಾಸಿಯಲ್ಲಿ ಗೆದ್ದವರನ್ನು ನಾನು ನೋಡಿದ್ದು ಅದೊಂದೇ ಸಲ.

ಅಪ್ಪ ದೋಣಿಗೆ ಹೊತ್ತಾಯಿತೆಂದು ಬಸ್‌ಸ್ಟ್ಯಾಂಡಿನ ಕಡೆ ಹೋದ. ನಾನು ಅತ್ತೆಯನ್ನು ಗೇಟಿನವರೆಗೆ ಬಿಡಲು ಹೋದೆ. ಹಿಂದಿನ ದಿನದಿಂದ ನನ್ನನ್ನು ಕೊರೆಯುತ್ತಿದ್ದ ಒಂದು ಪ್ರಶ್ನೆಯಿತ್ತು.

"ಅತ್ತೆ, ನಿನ್ನೆ ಬಂದ ಕೂಡ್ಲೇ ನಾನು ಯಾರೆಂದು ಗೊತ್ತಿಲ್ಲ ಅಂದೆಯಲ್ಲ. ಹಾಗೆ ಹೇಳಬೇಕು ಅಂತ ನಿಂಗೆ ಹೇಗೆ ಹೊಳೆಯಿತು?"

"ಹೊಳೆಯೂದೆಂತ? ಆ ಜವಾನ ದಾರೀಲೇ ಹೇಳ್ದ. 'ಹುಡ್ಗಿ ನಿನ್ನ ಗುರ್ತೇ ಇಲ್ಲ ಅಂತದೆ' ಅಂದ. ಹಂಗಾರೆ ನಂಗೂ ಇವ್ಳ ಗುರ್ತಿಲ್ಲ ಅಂತ ಮಾಡ್ಕಂಡೆ. ನಾವು ಎರಡು ನಮೂನಿ ಮಾತಾಡಿದ್ರೆ ಅಪ್ಪನಿಗೆ ಹೇಳ್ತ್ರು, ನಿನ್ನ ಬಿಡಿಸ್ತ್ರು. ಅಷ್ಟೇಯಾ."

ಹುರುಪೆ ಅಂಟಿದ ಕೈಯಲ್ಲಿ, ಬಿಸಿಲಲ್ಲಿ, ನಾನು ಗುರುತಿಲ್ಲ ಎಂದದ್ದನ್ನು ಕೇಳಿಸಿಕೊಂಡು ಅವಳು ಅಷ್ಟು ದೂರ ನಡೆದು ಬಂದಿದ್ದಳು. ದಾರಿಯಲ್ಲಿ ಅವಳ ಮುಖ ಹೇಗಿತ್ತೋ ನಾನು ನೋಡಿರಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಅಳು ಬಂತು.

ಅತ್ತೆ ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿದಳು. ಆಮೇಲೆ ನನ್ನ ತಲೆಯ ಮೇಲಿಂದ ಕ್ಲಾಸಿನ ಕಡೆ ನೋಡಿ ಗಾಬರಿಯಾದಳು.

"ಆ ದೊಡ್ಡ ಮಾಸ್ತರು ಎಂತದೇ ಹೇಳ್ಲಿ. ಬೆಂಚು ಖಾಲಿ ಬಿದ್ದದೆ, ನೀ ಮೊದ್ಲು ಹೋಗಿ ಕೂತ್ಕ."

ನಾನು ಓಡಿ ಹೋಗಿ ಕೂತೆ.